ಹೆಸರಿಗೆಷ್ಟು, ತಂತಿಗೆಷ್ಟು

ಮಾತು ನಡೆದದ್ದು ಇಲವಾಲದಲ್ಲಿ, ಹುಣಸೂರು ರಸ್ತೆಯಿಂದ ಸ್ವಲ್ಪ ಒಳಗಿರುವ ಮನೆಯ ಜಗಲಿಯ ಮೇಲೆ. ಮಾವನಿಗೆ ಐವತ್ತರ ಹತ್ತಿರ. ಕೂರ್ಗಳ್ಳಿ ಕಡೆಯ ಕಾರ್ಖಾನೆಯೊಂದರ ಪ್ರೆಸ್ ಶಾಪಿನಲ್ಲಿ ಕೆಲಸ. ಮದುವೆಗೆ ಮುಂಚೆ ಮೈಸೂರಿನ ಆರ್ಕೆಸ್ಟ್ರಾಗಳಲ್ಲಿ ಲೀಡ್ ಗಿಟಾರ್ ನುಡಿಸುತ್ತಿದ್ದವರು. ಅಳಿಯ ಇಂಜಿನಿಯರಿಂಗ್ ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದ್ದಾನೆ. ಕಾಲೇಜಿನ ಗೆಳೆಯರ ಜೊತೆ ಕಟ್ಟಿದ ಮೆಟಲ್ ಬ್ಯಾಂಡ್ ಬಿಟ್ಟಿಲ್ಲ. ಫೋನಿನಲ್ಲಿರುವ ಬಿಳಿ ಗಿಟಾರಿನ ಚಿತ್ರವನ್ನು ಮಾವನ ಮೂಗಿನ ಹತ್ತಿರಕ್ಕೇ ಹಿಡಿದಿದ್ದಾನೆ.

ಅಳಿಯ: ಇದೇ ಮಾವ. ಜಾಕ್ಸನ್ ಎಕ್ಸ್ ಸೀರೀಸ್, ಏಡ್ರಿಯನ್ ಸ್ಮಿತ್ ಸಿಗ್ನೇಚರ್. ಅಮೆರಿಕದಲ್ಲಿ ಮಾಡಿದ್ದರ ತಂಟೆಗೆ ನಾನು ಹೋಗೋ ಹಾಗೇ ಇಲ್ಲ. ಇದು ಅದರದೇ ಅಗ್ಗದ ಅವತಾರ.

ಮಾವ: ಕೈಲಿ ಎಷ್ಟಿಟ್ಕೊಂಡಿದೀಯ?

ಅಳಿಯ: ಎಂಬತ್ತು ಸಾವಿರ. ಆಂಪೂ ಅದರಲ್ಲೇ ಬರ್ಬೇಕು.

ಮಾವ: ಎಂಬತ್ತು ಸಾವಿರಕ್ಕೆ ನಮ್ಮ ಕಾಲದಲ್ಲಿ ಇಡೀ ಆರ್ಕೆಸ್ಟ್ರಾನೇ ಬಂದು ಇಳೀತಿತ್ತು ಕಣೋ, ಮ್ಯಾಟಡೋರ್ ಬಾಡಿಗೆ ಸಮೇತ. ಸರಿ, ಸ್ಮಿತ್ ಯಾಕೆ? ಅದನ್ನ ಮೊದಲು ಹೇಳು.

ಅಳಿಯ: ಇದೇನ್ ಪ್ರಶ್ನೆ ಮಾವ? ಐರನ್ ಮೇಡನ್! ನೀವೇ ಅಲ್ವಾ ಬೆಂಗಳೂರಿಗೆ ಹೋಗಿ ನೋಡ್ಕೊಂಡು ಬಂದದ್ದು? ಆ ಕಥೆ ಕೇಳಿ ಕೇಳಿಯೇ ನನಗೆ ಈ ಹುಚ್ಚು ಹತ್ತಿದ್ದು.

ಮಾವ: ಹೋಗಿದ್ದೆ. 2007, ಮಾರ್ಚ್ 17, ಅರಮನೆ ಮೈದಾನ. ಅವರು ಭಾರತಕ್ಕೆ ಬಂದದ್ದೇ ಅದು ಮೊದಲನೇ ಸಲ. ಒಬ್ಬರಲ್ಲ ಇಬ್ಬರಲ್ಲ, ಮೂರು ಗಿಟಾರ್ ಒಟ್ಟಿಗೆ. ಸ್ಮಿತ್, ಮರ್‍ರೇ, ಗರ್ಸ್. ನಮ್ಮ ಆರ್ಕೆಸ್ಟ್ರಾದಲ್ಲಿ ಒಂದು ಗಿಟಾರಿಗೇ ಕೀಬೋರ್ಡಿನವನು ಜಗಳಕ್ಕೆ ಬರ್ತಿದ್ದ, "ವಾಲ್ಯೂಮ್ ಇಳಿಸು" ಅಂತ. ಅಲ್ಲಿ ನೋಡಿದ್ರೆ ಮೂವರೂ ಒಬ್ಬರ ಜಾಗಕ್ಕೆ ಒಬ್ಬರು ಕೈ ಹಾಕ್ತಾ ಇರಲಿಲ್ಲ. ಅದರಲ್ಲೂ ಸ್ಮಿತ್ ಆ ಗಲಾಟೆ ಮಧ್ಯೆ ಹಾಡಿನ ಹಾಗೆ ನುಡಿಸೋ ಮನುಷ್ಯ. ಅವನ ಸೋಲೋ ನೀನು ಬಾಯಲ್ಲಿ ಗುನುಗಬಹುದು. ಅಂಥವರು ಮೆಟಲ್‌ನಲ್ಲಿ ಬಹಳ ಜನ ಇಲ್ಲ.

ಅಳಿಯ: ಮತ್ತೆ? ನೀವೇ ಹೊಗಳ್ತಿದೀರಿ.

ಮಾವ: ಆ ಮನುಷ್ಯನನ್ನ ಹೊಗಳಿದೆ ಕಣೋ. ಗಿಟಾರ್ ವಿಷಯಕ್ಕೆ ಇನ್ನೂ ಬಂದೇ ಇಲ್ಲ. ನಿಮ್ಮ ಬ್ಯಾಂಡಲ್ಲಿ ಟ್ಯೂನಿಂಗ್ ಏನಿಟ್ಕೊಂಡಿದೀರಿ?

ಅಳಿಯ: ಡ್ರಾಪ್ ಸಿ. ಒಂದೆರಡು ಹಾಡಿಗೆ ಡ್ರಾಪ್ ಡಿ.

ಮಾವ: ಅಲ್ಲೇ ಎಡವಟ್ಟು. ಮೇಡನ್ ಹಾಡುಗಳು ಹೆಚ್ಚುಪಾಲು ಮಾಮೂಲಿ ಇ ಟ್ಯೂನಿಂಗ್‌ನಲ್ಲಿ. ಸ್ಮಿತ್‌ಗೆ ಏನು ಬೇಕೋ ಅದನ್ನ ಅವರು ಈ ಗಿಟಾರಲ್ಲಿ ಕೂರಿಸಿದ್ದಾರೆ: ಬ್ರಿಡ್ಜ್ ಹತ್ರ ಒಂದು ಹಂಬಕರ್ ಪಿಕಪ್, ಮಧ್ಯಕ್ಕೂ ಕತ್ತಿನ ಹತ್ರಕ್ಕೂ ಸಿಂಗಲ್ ಕಾಯಿಲ್, ಕೆಳಗೆ ಫ್ಲಾಯ್ಡ್ ರೋಸ್ ಅನ್ನೋ ಅಲ್ಲಾಡೋ ಬ್ರಿಡ್ಜ್. ಹಾಡಿನ ಹಾಗೆ ನುಡಿಸ್ತಾ ಮಧ್ಯೆ ತಂತಿಯನ್ನ ಅಳಿಸಿ ನಗಿಸಿ ವಾಪಸ್ ಜಾಗಕ್ಕೆ ತರೋನಿಗೆ ಇದು ಸರಿ. ನಿನಗೆ ಬೇಕಾಗಿರೋದು ಬೇರೆ. ದಪ್ಪ ತಂತಿ, ಇಳಿಸಿದ ಶ್ರುತಿ, ಬಲಗೈ ಅಂಗೈಯನ್ನ ಬ್ರಿಡ್ಜ್ ಮೇಲೆ ಒತ್ತಿ ಗುದ್ದೋದು. ಹೆಣ್ಣು ನೋಡೋಕೆ ಹೋದಾಗ ಜಾತಕ ಯಾರದ್ದು ತೋರಿಸ್ತಾರೆ? ಸಿಗ್ನೇಚರ್ ಗಿಟಾರ್ ಅಂದ್ರೆ ಇನ್ನೊಬ್ಬನ ಜಾತಕ. ಅದು ನಿನಗೆ ಕೂಡಿದ್ರೆ ಸಂತೋಷ. ಕೂಡದೇ ಇದ್ದಾಗ ಹೆಸರು ನೋಡಿ ಒಪ್ಪಿಕೊಳ್ಳೋದೇ ತಪ್ಪು.

ಅಳಿಯ: ಫ್ಲಾಯ್ಡ್ ರೋಸ್ ಇದ್ರೆ ಡ್ರಾಪ್ ಸಿ ಮಾಡೋಕಾಗಲ್ವಾ?

ಮಾವ: ಆಗುತ್ತೆ, ಮಾಡಿ ನೋಡು ಆಗ ಗೊತ್ತಾಗುತ್ತೆ. ಆ ಬ್ರಿಡ್ಜ್ ತೂಗುಯ್ಯಾಲೆ ಥರ ನಿಂತಿರ್ತದೆ. ಮುಂದಿನಿಂದ ಆರು ತಂತಿ ಎಳೀತಿರ್ತವೆ, ಬೆನ್ನ ಕಡೆ ಗುಂಡಿಯೊಳಗಿರೋ ಸ್ಪ್ರಿಂಗು ಆ ಕಡೆಗೆ ಎಳೀತಿರ್ತವೆ. ಎರಡೂ ಸಮ ಇದ್ದಾಗ ಶ್ರುತಿ ಸರಿ. ದಪ್ಪ ತಂತಿಯನ್ನ ನೀನು ಇಳಿಸಿದ್ಯೋ, ಸ್ಪ್ರಿಂಗ್ ಕಡೆ ಬಲ ಹೆಚ್ಚಾಯ್ತು. ಬ್ರಿಡ್ಜ್ ಹಿಂದಕ್ಕೆ ಬಾಗಿ ಉಳಿದ ಐದೂ ತಂತಿ ಶ್ರುತಿ ಮೇಲೇರ್ತವೆ. ಅವನ್ನ ಸರಿಮಾಡೋಕೆ ಹೋದ್ರೆ ಮೊದಲನೆಯದು ಕೆಡುತ್ತೆ. ಸುತ್ತಿ ಸುತ್ತಿ ಬರ್ಬೇಕು. ಮೇಲೆ ನಟ್ ಹತ್ರ ಮೂರು ಬೀಗ ಬೇರೆ, ಅಲೆನ್ ಕೀ ಹಾಕಿ ಬಿಚ್ಚದೇ ಕಿವಿ ತಿರುಗಿಸೋಕೂ ಆಗಲ್ಲ. ಒಂದು ಹಾಡು ಡ್ರಾಪ್ ಡಿ, ಮುಂದಿನದು ಡ್ರಾಪ್ ಸಿ ಅಂದ್ರೆ ಮಧ್ಯೆ ನಿಮ್ಮ ಹಾಡುಗಾರ ಜನರಿಗೆ ಜೋಕ್ ಹೇಳ್ತಾ ನಿಂತಿರ್ಬೇಕು.

ಅಳಿಯ: ನಿಮಗೆ ಅನುಭವ ಆಗಿರೋ ಹಾಗಿದೆ.

ಮಾವ: ಗಣೇಶನ ಪೆಂಡಾಲು. ಯಾರದ್ದೋ ಗಿಟಾರ್ ಕಡ ತಂದಿದ್ದೆ, ಫ್ಲಾಯ್ಡ್ ಇರೋದು, ಶೋಕಿಗೆ. ಎರಡನೇ ಹಾಡಿಗೇ ಒಂದು ತಂತಿ ಕಿತ್ತೋಯ್ತು. ಮಾಮೂಲಿ ಗಿಟಾರಲ್ಲಿ ಐದು ತಂತಿಯಲ್ಲಿ ಹೇಗೋ ದಾಟಿಸಬಹುದು. ಇದರಲ್ಲಿ ಎಲ್ಲಾ ತಂತಿಯೂ ಒಟ್ಟಿಗೆ ಅಪಸ್ವರ. ರಾಜಕುಮಾರ್ ಹಾಡು ಬೇರೆ! ಜನ ಬಿಡ್ತಾರಾ?

ಅಳಿಯ: ಅದಕ್ಕೆ ಉಪಾಯ ಇದೆ ಮಾವ. ಬೆನ್ನ ಗುಂಡಿಯೊಳಗೆ ಒಂದು ಮರದ ತುಂಡು ಬಡಿದು ಬ್ರಿಡ್ಜ್ ಅಲ್ಲಾಡದ ಹಾಗೆ ಮಾಡ್ಕೋತಾರೆ.

ಮಾವ: ಗೊತ್ತು. ಮಂಡಿ ಮೊಹಲ್ಲಾದಲ್ಲಿ ಇನ್‌ಲೇ ಕೆಲಸದವರ ಹತ್ರ ಕೇಳಿದ್ರೆ ಬೀಟೆ ಚೂರೇ ಕೊಡ್ತಾರೆ, ಚೆನ್ನಾಗೂ ಕೂರುತ್ತೆ. ಆದ್ರೆ ಅಲ್ಲಾಡೋ ಬ್ರಿಡ್ಜಿಗೆ ಅಂತ ದುಡ್ಡು ಕೊಟ್ಟು, ಆಮೇಲೆ ಅಲ್ಲಾಡದ ಹಾಗೆ ಬೆಣೆ ಹೊಡೆಯೋದು ಯಾವ ಲೆಕ್ಕ?

ಅಳಿಯ: (ಸ್ವಲ್ಪ ಹೊತ್ತು ಸುಮ್ಮನಿದ್ದು) ಸರಿ, ಬ್ರಿಡ್ಜ್ ಬಿಡಿ. ಆದ್ರೂ ಇದು ಅಮೆರಿಕದ್ದರ ಅಚ್ಚೇ ಅಲ್ವಾ? ಅದೇ ಆಕಾರ, ಅದೇ ಬಣ್ಣ, ಅದೇ ಪಿಕಪ್ ಜೋಡಣೆ.

ಮಾವ: ಜೋಡಣೆ ಅದೇ, ಸಾಮಾನು ಬೇರೆ. ಅಮೆರಿಕದ್ದರಲ್ಲಿ ಆಲ್ಡರ್ ಮರ, ಇದರಲ್ಲಿ ಬಾಸ್‌ವುಡ್. ಅದಕ್ಕೆ ಬ್ರಿಡ್ಜ್ ಪಿಕಪ್ ಡಿಮಾರ್ಜಿಯೋ ಸೂಪರ್ ಡಿಸ್ಟಾರ್ಷನ್, ಇದಕ್ಕೆ ಜಾಕ್ಸನ್‌ನವರದ್ದೇ. ಮರದ ಬಗ್ಗೆ ನಾನು ತಲೆ ಕೆಡಿಸ್ಕೊಳಲ್ಲ. ಡಿಸ್ಟಾರ್ಷನ್ ಏರಿಸಿದ ಮೇಲೆ ಯಾವ ಮರ ಅಂತ ಕಣ್ಣು ಮುಚ್ಚಿ ಹೇಳೋನನ್ನ ನಾನಂತೂ ನೋಡಿಲ್ಲ. ಪಿಕಪ್ ಬೇಕಾದ್ರೆ ನಾಳೆ ಬದಲಾಯಿಸ್ಬಹುದು. ನಾನು ಹೇಳೋದು ಲೋಹದ ವಿಷಯ. ಅದರಲ್ಲಿ ಫ್ಲಾಯ್ಡ್ ರೋಸ್ ಒರಿಜಿನಲ್, ಇದರಲ್ಲಿ ಫ್ಲಾಯ್ಡ್ ರೋಸ್ ಸ್ಪೆಷಲ್. ಒರಿಜಿನಲ್‌ನಲ್ಲಿ ತಂತಿ ಕಚ್ಚೋ ಸ್ಯಾಡಲ್ ಉಕ್ಕಿಂದು, ಕೆಳಗಿನ ಬ್ಲಾಕ್ ಹಿತ್ತಾಳೆದು. ಸ್ಪೆಷಲ್‌ನಲ್ಲಿ ಎರಡೂ ಝಿಂಕ್ ಮಿಶ್ರಲೋಹ, ಅಚ್ಚಿಗೆ ಹುಯ್ದು ತೆಗೆದದ್ದು. ಝಿಂಕ್ ಏನು ಅಂತ ದಿನಾ ನೋಡೋನು ನಾನು. ನೋಡೋಕೆ ಲಕಲಕ ಅನ್ನುತ್ತೆ, ಅಚ್ಚಿನಲ್ಲಿ ಸಲೀಸಾಗಿ ಕೂರುತ್ತೆ, ಅದಕ್ಕೇ ಅಗ್ಗ. ಸ್ಕ್ರೂ ಸ್ವಲ್ಪ ಹೆಚ್ಚು ಬಿಗಿದ್ಯೋ, ಮರೆ ಕಿತ್ಕೊಂಡು ಬರುತ್ತೆ. ಮನೆಯಲ್ಲಿ ಹಗುರವಾಗಿ ನುಡಿಸೋನಿಗೆ ವರ್ಷಗಟ್ಟಲೆ ಬರುತ್ತೆ, ಸುಳ್ಳು ಹೇಳಲ್ಲ. ನೀನು ಹಗುರವಾಗಿ ನುಡಿಸೋನಲ್ಲ.

ಅಳಿಯ: ಅಂದ್ರೆ ಹೆಸರು ಹಾಕಿ ಟೋಪಿ ಹಾಕ್ತಾರೆ ಅಂತೀರಾ?

ಮಾವ: ಹಾಗನ್ನಲ್ಲ. ಮುಚ್ಚಿಡಲ್ವಲ್ಲ ಅವರು, ಏನೇನಿದೆ ಅಂತ ಬರೆದೇ ಮಾರ್ತಾರೆ. ಹೆಸರಿನ ವ್ಯಾಪಾರ ಈಗಿನದ್ದೂ ಅಲ್ಲ. 1952ರಲ್ಲಿ ಗಿಬ್ಸನ್‌ನವರು ಲೆಸ್ ಪಾಲ್ ಹೆಸರಲ್ಲಿ ಗಿಟಾರ್ ಇಳಿಸಿದ್ರು. ಆ ಮನುಷ್ಯ ಆಗ ಅಮೆರಿಕದಲ್ಲಿ ಮನೆಮಾತು, ಗಿಟಾರಿನ ಹುಚ್ಚು ಬೇರೆ. ಮರದ ದಿಮ್ಮಿಗೆ ತಂತಿ ಕಟ್ಟಿ ಪ್ರಯೋಗ ಮಾಡಿದ್ದೋನು. ಆ ಹೆಸರು ಎಷ್ಟು ಗಟ್ಟಿಯಾಗಿ ಅಂಟಿಕೊಳ್ತು ಅಂದ್ರೆ, ಈಗ ಅಂಗಡಿಯಲ್ಲಿ ಲೆಸ್ ಪಾಲ್ ಕೊಡಿ ಅನ್ನೋ ಹುಡುಗರಿಗೆ ಅದು ಮನುಷ್ಯನ ಹೆಸರು ಅನ್ನೋದೇ ಗೊತ್ತಿರಲ್ಲ. ನೀನು ಹೇಳ್ತಿರೋ ಜಾಕ್ಸನ್ ಕಂಪನಿಯ ಹುಟ್ಟೇ ಒಂದು ಸಿಗ್ನೇಚರ್ ಗಿಟಾರಿಂದ ಕಣೋ. ಗೊತ್ತಾ ನಿನಗೆ?

ಅಳಿಯ: ರ್‍ಯಾಂಡಿ ರೋಡ್ಸ್.

ಮಾವ: ಭೇಷ್. 1980ರ ಕೊನೆಯಲ್ಲಿ ಓಝಿ ಆಸ್‌ಬರ್ನ್ ಜೊತೆ ನುಡಿಸ್ತಿದ್ದ ಆ ಹುಡುಗ ತನ್ನ ತಲೆಯಲ್ಲಿದ್ದ ಆಕಾರ ಹಿಡ್ಕೊಂಡು ಗ್ರೋವರ್ ಜಾಕ್ಸನ್ ಹತ್ರ ಹೋದ. ಗ್ರೋವರ್ ಆಗ ಶಾರ್ವೆಲ್ ಅನ್ನೋ ಹೆಸರಲ್ಲಿ ಗಿಟಾರ್ ಮಾಡ್ತಿದ್ದವನು. ಈ ಚೂಪು ರೆಕ್ಕೆಯ ವಿಚಿತ್ರ ವಸ್ತುವನ್ನ ಆ ಹೆಸರಲ್ಲಿ ಮಾರೋದು ಬೇಡ ಅನ್ನಿಸಿ ತನ್ನ ಸ್ವಂತ ಹೆಸರನ್ನೇ ತಲೆ ಮೇಲೆ ಬರೆದ. ಅದೇ ಮೊದಲನೇ ಜಾಕ್ಸನ್. ರೋಡ್ಸ್ 1982ರ ಮಾರ್ಚ್‌ನಲ್ಲಿ ವಿಮಾನ ಅಪಘಾತದಲ್ಲಿ ಹೋಗಿಬಿಟ್ಟ, ಇಪ್ಪತ್ತೈದು ವರ್ಷ. ಕಂಪನಿ 2002ರಲ್ಲಿ ಫೆಂಡರ್ ಪಾಲಾಯ್ತು. ಆ ಆಕಾರ ಮಾತ್ರ ಇನ್ನೂ ಮಾಡ್ತಾನೇ ಇದ್ದಾರೆ, ದುಬಾರಿಯಲ್ಲೂ ಅಗ್ಗದಲ್ಲೂ.

ಅಳಿಯ: ಜೆಎಸ್ ಸೀರೀಸಲ್ಲಿ ಬರುತ್ತೆ. ನೋಡಿದೀನಿ. ಆದ್ರೆ ಜೆಎಸ್ ಅಂದ್ರೆ ಕಲಿಯೋರ ಗಿಟಾರ್ ಅಂತ ನಮ್ಮ ಹುಡುಗರು ಮೂಗು ಮುರೀತಾರೆ.

ಮಾವ: ಮುರೀಲಿ ಬಿಡು. ಜೆಎಸ್ ಗಿಟಾರ್‌ಗಳನ್ನ ಒಂದು ಕಾಲದಲ್ಲಿ ನಮ್ಮ ದೇಶದಲ್ಲೇ ಮಾಡ್ತಿದ್ರು. ಹಳೇದು ಸಿಕ್ಕಿದ್ರೆ ಮೇಡ್ ಇನ್ ಇಂಡಿಯಾ ಅಂತ ಬರೆದಿರುತ್ತೆ. ಅದಕ್ಕೂ ಮುಂಚೆ, 1980ರ ದಶಕದ ಕೊನೆಯಲ್ಲಿ, ಫೆಂಡರ್‌ನವರ ಸ್ಕ್ವಾಯರ್ ಗಿಟಾರ್‌ಗಳೂ ಕೆಲವು ಇಲ್ಲಿ ತಯಾರಾಗಿ ಹೊರದೇಶಕ್ಕೆ ಹೋದವು. ಆಗ ನಮ್ಮ ಕೈಗೆ ಸಿಗ್ತಿದ್ದದ್ದು ಮಾತ್ರ ಕಲ್ಕತ್ತಾದ ಗಿವ್ಸನ್. ಫ್ರೆಟ್ ತುದಿ ಅಂಗೈಯನ್ನ ಕೆರೆದು ಹಾಕೋದು. ನಾನು ಅರ ಹಿಡಿದು ಒಂದೊಂದೇ ಉಜ್ಜಿ ನಯ ಮಾಡ್ಕೊಂಡೆ. ಗಿಟಾರ್ ಕಲಿತದ್ದಕ್ಕಿಂತ ಮೊದಲು ಅರ ಹಿಡಿಯೋದು ಕಲಿತೆ, ಅದೇ ಆಮೇಲೆ ಹೊಟ್ಟೆಪಾಡಾಯ್ತು.

ಅಳಿಯ: ಈಗಿನ ಜೆಎಸ್ ಹೇಗೆ ಹಾಗಾದ್ರೆ?

ಮಾವ: ಜೆಎಸ್ 32ಟಿ ರೋಡ್ಸ್ ಅಂತ ಇದೆ ನೋಡು. ಆ "ಟಿ" ಇದ್ರೆ ಫ್ಲಾಯ್ಡ್ ಇಲ್ಲ. ತಂತಿ ಹಿಂದಿನಿಂದ ಮರದೊಳಗೇ ತೂರಿ ಬರುತ್ತೆ, ಬ್ರಿಡ್ಜ್ ಗಟ್ಟಿ ನಿಂತಿರುತ್ತೆ. ಎರಡೂ ಹಂಬಕರ್. ಇಪ್ಪತ್ನಾಲ್ಕು ಫ್ರೆಟ್, ವೀಣೆಗಿರೋವಷ್ಟೇ ಮೆಟ್ಟಿಲು. ಸ್ಕೇಲು 25.5 ಇಂಚು, ತಂತಿ ಇಳಿಸಿದ್ರೂ ಬಿಗಿ ಉಳಿಯುತ್ತೆ. ಡ್ರಾಪ್ ಸಿ ಬೇಕಾ, ಕಿವಿ ತಿರುಗಿಸು, ಮುಗೀತು. ಬೆಲೆ ನೀನು ತೋರಿಸಿದ್ದರ ಅರ್ಧಕ್ಕಿಂತ ಕಮ್ಮಿ. ಹೆಸರೂ ಇದೆ, ಅದೂ ಆ ಕಂಪನಿಯ ಮೊದಲನೇ ಹೆಸರು.

ಅಳಿಯ: ಆದ್ರೆ ಕೂತು ನುಡಿಸೋಕಾಗಲ್ಲ ಮಾವ. ತೊಡೆ ಮೇಲಿಂದ ಜಾರಿ ಬೀಳುತ್ತೆ.

ಮಾವ: ಅದು ನಿಜ. ಅದಕ್ಕೆ ನನ್ನ ಹತ್ರ ಉತ್ತರ ಇಲ್ಲ. ಎರಡು ಕಾಲಿನ ಮಧ್ಯೆ ರೆಕ್ಕೆ ಸಿಗಿಸ್ಕೊಂಡು ಕತ್ತನ್ನ ಮೇಲಕ್ಕೆತ್ತಿ ಕೂರ್ಬೇಕು. ಅಭ್ಯಾಸ ಆಗುತ್ತೆ ಅಂತಾರೆ. ಇಲವಾಲದಿಂದ ಸಿಟಿ ಬಸ್ಸಲ್ಲಿ ಆ ಚೀಲ ಹೊತ್ಕೊಂಡು ಹೋಗೋ ಕಷ್ಟವೂ ನಿನ್ನದೇ, ಕಂಡಕ್ಟರ್ ಲಗೇಜ್ ಟಿಕೆಟ್ ಹರಿದ್ರೆ ನನ್ನ ಹೆಸರು ಹೇಳ್ಬೇಡ. ಆಕಾರ ಬೇಡ ಅನ್ನಿಸಿದ್ರೆ ಅದೇ ಸಾಲಲ್ಲಿ ಮಾಮೂಲಿ ಆಕಾರದ ಡಿಂಕಿ ಇದೆ, ಯಾರ ಹೆಸರೂ ಇಲ್ಲದ್ದು.

ಅಳಿಯ: ಹೆಸರಿಲ್ಲದ್ದು ತಗೊಂಡ್ರೆ ಏನೋ ಕಳ್ಕೊಂಡ ಹಾಗೆ ಮಾವ. ನಗಬೇಡಿ. ಆ ಬಿಳಿ ಗಿಟಾರ್ ಗೋಡೆ ಮೇಲಿದ್ರೆ ಆಫೀಸಿಂದ ಬಂದ ತಕ್ಷಣ ಕೈಗೆ ತಗೋತೀನಿ. ಸುಮ್ನೆ ಒಂದು ಕಪ್ಪು ಗಿಟಾರ್ ಇದ್ರೆ ಫೋನ್ ನೋಡ್ಕೊಂಡು ಮಲಗ್ತೀನಿ. ಇದಕ್ಕೆ ಬೆಲೆ ಇಲ್ವಾ?

ಮಾವ: ಇದೆ. ಅದನ್ನ ನಾನು ತೆಗೆದು ಹಾಕಲ್ಲ. ನೋಡಿದ್ರೆ ಎತ್ಕೋಬೇಕು ಅನ್ನಿಸೋ ವಾದ್ಯವೇ ಒಳ್ಳೆ ವಾದ್ಯ, ಮೊದಲ ಎರಡು ವರ್ಷದ ಮಟ್ಟಿಗಂತೂ. ಆದ್ರೆ ಆ ಆಸೆಗೆ ಎಷ್ಟು ಕೊಡ್ತಿದೀಯ ಅಂತ ನಿನಗೆ ಗೊತ್ತಿರ್ಬೇಕು. ಗಿಟಾರೊಂದಕ್ಕೇ ಬಹುಪಾಲು ಸುರಿದ್ರೆ ಆಂಪಿಗೆ ಏನುಳೀತು? ಮೆಟಲ್‌ನಲ್ಲಿ ಕಿವಿಗೆ ಬೀಳೋದು ಅರ್ಧ ಆಂಪು ಕಣೋ. ಹದಿನೈದು ಸಾವಿರದ ಗಿಟಾರ್ ಒಳ್ಳೆ ಆಂಪಿಗೆ ಹಾಕಿದ್ರೆ ಮರ್ಯಾದೆಯಾಗಿ ಕೇಳುತ್ತೆ. ಒಂದು ಲಕ್ಷದ್ದನ್ನ ಡಬ್ಬಾ ಆಂಪಿಗೆ ಹಾಕಿದ್ರೆ ಜೇನುಹುಳದ ಗೂಡು.

ಅಳಿಯ: ನಮ್ಮ ಮನೆಯಲ್ಲಿ ಈಗಲೇ ಗುಂಯ್ ಅನ್ನುತ್ತೆ, ಗೆಳೆಯನ ಗಿಟಾರ್ ತಂದಾಗ.

ಮಾವ: ಸಿಂಗಲ್ ಕಾಯಿಲ್ ಇತ್ತಾ ಅದರಲ್ಲಿ?

ಅಳಿಯ: ಹೂಂ.

ಮಾವ: ಅದಕ್ಕೇ. ನಮ್ಮ ಕರೆಂಟು 50 ಹರ್ಟ್ಸ್. ಟ್ಯೂಬ್‌ಲೈಟ್ ಚೋಕು, ಮೋಟರು, ಮಿಕ್ಸಿ ಎಲ್ಲಾ ಸುತ್ತಮುತ್ತ ಅದನ್ನೇ ಉಗುಳ್ತಿರ್ತವೆ. ಪಿಕಪ್ ಅಂದ್ರೆ ಅಯಸ್ಕಾಂತದ ಮೇಲೆ ಕೂದಲೆಳೆಯಂಥ ತಾಮ್ರದ ತಂತಿಯನ್ನ ಸಾವಿರಾರು ಸುತ್ತು ಸುತ್ತಿರೋದು. ಗಿಟಾರ್ ತಂತಿ ಅಲ್ಲಾಡಿದ್ದನ್ನ ಹಿಡಿಯೋ ಹಾಗೇ ಈ ಹೊಲಸನ್ನೂ ಹಿಡಿಯುತ್ತೆ. 1955ರಲ್ಲಿ ಗಿಬ್ಸನ್‌ನ ಸೇತ್ ಲವರ್ ಅನ್ನೋ ಇಂಜಿನಿಯರ್ ಇದಕ್ಕೆ ಮದ್ದು ಕಂಡುಹಿಡಿದ. ಎರಡು ಸುರುಳಿ ಪಕ್ಕಪಕ್ಕ, ಒಂದನ್ನ ಉಲ್ಟಾ ಸುತ್ತಿ, ಅಯಸ್ಕಾಂತವನ್ನೂ ಉಲ್ಟಾ ಇಟ್ಟು. ಹೊರಗಿನ ಗುಂಯ್ ಎರಡರಲ್ಲೂ ಎದುರುಬದುರಾಗಿ ಬಂದು ಒಂದನ್ನೊಂದು ತಿಂದು ಹಾಕುತ್ತೆ, ತಂತಿಯ ಸದ್ದು ಮಾತ್ರ ಕೂಡ್ಕೊಂಡು ದಪ್ಪ ಆಗುತ್ತೆ. ಅದೇ ಹಂಬಕರ್. ಮೆಟಲ್‌ಗೆ ಅದೇ ಸೈ. ಸ್ಮಿತ್ ಥರ ಎರಡು ಸಿಂಗಲ್ ಕಾಯಿಲ್ ಇದ್ರೆ ತೆಳು ಸದ್ದಿಗೆ ಚೆಂದ, ಅದನ್ನೂ ಒಪ್ಕೋತೀನಿ. ಆದ್ರೆ ನಿಮ್ಮ ಮನೆಯ ಕರೆಂಟಿಗೆ ಬೇಡ.

ಅಳಿಯ: ನಮ್ಮ ಮನೆ ಕರೆಂಟಿಗೇನಾಗಿದೆ?

ಮಾವ: ಅರ್ಥಿಂಗ್ ಸತ್ತಿದೆ. ನಿಮ್ಮಪ್ಪನಿಗೆ ಎಷ್ಟು ಸಲ ಹೇಳಿದ್ದೀನಿ. ಮೀಟರ್ ಬೋರ್ಡಿನ ಕೆಳಗೆ, ಗೋಡೆ ಪಕ್ಕ ಗುಂಡಿ ತೋಡಿ ಇದ್ದಿಲು, ಉಪ್ಪು ಹಾಕಿ ಪೈಪ್ ಹೂತಿರ್ತಾರಲ್ಲ, ಅದರ ಮೇಲೆ ಈಗ ನಿಮ್ಮಮ್ಮ ಸಿಮೆಂಟ್ ಹಾಕಿ ತುಳಸಿಕಟ್ಟೆ ಕಟ್ಟಿಸಿದ್ದಾಳೆ. ಒಂದು ತೊಟ್ಟು ನೀರು ಇಳಿಯಲ್ಲ. ಬೇಸಿಗೆಯಲ್ಲಿ ಮಣ್ಣು ಒಣಗಿದ್ರೆ ಅರ್ಥ್ ಇದ್ದೂ ಇಲ್ಲದ ಹಾಗೆ. ನೀನು ತಂತಿ ಮುಟ್ಟಿದಾಗ ಗುಂಯ್ ಕಮ್ಮಿ ಆಗ್ತಿತ್ತಾ?

ಅಳಿಯ: ಆಗ್ತಿತ್ತು. ಕೈ ಬಿಟ್ರೆ ಮತ್ತೆ ಜಾಸ್ತಿ.

ಮಾವ: ಅದು ಬಹಳಷ್ಟು ಗಿಟಾರಲ್ಲಿ ಇರೋದೇ, ಹೆದರೋ ಅಂಥದ್ದಲ್ಲ. ಆದ್ರೆ ಮುಟ್ಟಿದಾಗ ಜುಮ್ ಅಂತು ಅಂದ್ರೆ ಮಾತ್ರ ತಕ್ಷಣ ಪ್ಲಗ್ ಕೀಳು. ಆಂಪಿನ ಮೂರು ಪಿನ್ನಿನಲ್ಲಿ ಮೇಲಿನ ದಪ್ಪ ಪಿನ್ನನ್ನ ಮುರಿದು ಎರಡು ಪಿನ್ ಸಾಕೆಟ್ಟಿಗೆ ಹಾಕೋ ಹುಡುಗರಿದ್ದಾರೆ. ಪ್ರಾಣಕ್ಕೆ ಕುತ್ತು ಅದು. ಮೊದಲು ಆ ಸಿಮೆಂಟ್ ಒಂದು ಕಡೆ ಒಡೆಸಿ ಗುಂಡಿಗೆ ನಾಲ್ಕು ಬಿಂದಿಗೆ ನೀರು ಹೊಯ್ದು, ಲೈನ್‌ಮನ್ ಕರೆಸಿ ಅರ್ಥ್ ಚೆಕ್ ಮಾಡ್ಸು. ಗಿಟಾರ್ ಆಮೇಲೆ.

ಅಳಿಯ: ಗಿಟಾರ್ ಕೇಳೋಕೆ ಬಂದ್ರೆ ಮನೆ ರಿಪೇರಿ ಮಾಡಿಸ್ತಿದೀರಿ.

ಮಾವ: ಎಲೆಕ್ಟ್ರಿಕ್ ಗಿಟಾರ್ ಅಂದ್ರೆ ಅರ್ಧ ಮನೆ ವೈರಿಂಗೇ ಕಣೋ.

ಅಳಿಯ: ಸಿಗ್ನೇಚರ್ ಅನ್ನೋದರಲ್ಲಿ ನಿಮಗೆ ಮೆಚ್ಚುಗೆಯಾದದ್ದು ಒಂದೂ ಇಲ್ವಾ?

ಮಾವ: ಟೋನಿ ಐಯೋಮಿದು. ಬ್ಲ್ಯಾಕ್ ಸಬ್ಬತ್. ಅವನ ಕಥೆ ಗೊತ್ತಾ?

ಅಳಿಯ: ಬೆರಳು ತುಂಡಾದದ್ದು?

ಮಾವ: ಬರ್ಮಿಂಗ್‌ಹ್ಯಾಮ್‌ನ ಶೀಟ್ ಮೆಟಲ್ ಫ್ಯಾಕ್ಟರಿ. ಹದಿನೇಳು ವರ್ಷದ ಹುಡುಗ. ಅವತ್ತೇ ಕೆಲಸದ ಕೊನೇ ದಿನ. ಮಾಮೂಲಿ ಮೆಷೀನ್ ನಡೆಸೋರು ಬಂದಿರಲಿಲ್ಲ, ಇವನನ್ನ ಕೂರಿಸಿದ್ರು. ಬಲಗೈಯ ಮಧ್ಯದ ಎರಡು ಬೆರಳಿನ ತುದಿ ಹೋಯ್ತು. ಎಡಚ ಅವನು, ತಂತಿ ಒತ್ತೋದೇ ಆ ಬಲಗೈಯಲ್ಲಿ. ನಾನು ಪ್ರೆಸ್ಸಿನ ಮುಂದೆ ನಿಂತಾಗಲೆಲ್ಲ ನೆನೆಸ್ಕೋತೀನಿ. ಈಗ ನಮ್ಮಲ್ಲಿ ಎರಡೂ ಕೈ ಎರಡು ಬಟನ್ ಮೇಲೆ ಒಟ್ಟಿಗೆ ಒತ್ತಿದ್ರೇನೇ ಮೆಷೀನ್ ಕೆಳಗಿಳಿಯೋದು. ಒಂದು ಕೈ ತೆಗೆದ್ಯೋ, ಅಲ್ಲೇ ನಿಲ್ಲುತ್ತೆ. ಅವನ ಕಾಲಕ್ಕೆ ಅದಿರಲಿಲ್ಲ.

ಅಳಿಯ: ಆಮೇಲೆ ಪ್ಲಾಸ್ಟಿಕ್ ಟೊಪ್ಪಿ ಮಾಡ್ಕೊಂಡ ಅಲ್ವಾ?

ಮಾವ: ಪಾತ್ರೆ ತೊಳೆಯೋ ಸೋಪಿನ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿ, ಮೇಲೆ ಚರ್ಮ ಅಂಟಿಸ್ಕೊಂಡ. ಗಟ್ಟಿ ತಂತಿ ಒತ್ತೋಕಾಗದೆ ಬ್ಯಾಂಜೋದ ತೆಳು ತಂತಿ ಹುಡುಕಿ ಹಾಕ್ಕೊಂಡ. ಇನ್ನೂ ಸಡಿಲ ಬೇಕು ಅಂತ ಶ್ರುತಿ ಇಳಿಸ್ತಾ ಹೋಗಿ 1971ರ ಮಾಸ್ಟರ್ ಆಫ್ ರಿಯಾಲಿಟಿ ಹೊತ್ತಿಗೆ ಸಿ ಶಾರ್ಪ್‌ಗೆ ಬಂದ. ನೀವೆಲ್ಲ ಈಗ ಇಳಿಸಿ ಇಳಿಸಿ ಗುದ್ದೋ ಡ್ರಾಪ್ ಸಿ ಇದೆಯಲ್ಲ, ಅದರ ಮೂಲಕ್ಕೆ ಹೋದ್ರೆ ಒಬ್ಬ ಪ್ರೆಸ್ ಶಾಪ್ ಕಾರ್ಮಿಕನ ಗಾಯ ಇದೆ. 2021ರಲ್ಲಿ ಎಪಿಫೋನ್‌ನವರು ಅವನ ಹಳೇ ಎಸ್‌ಜಿ ಗಿಟಾರಿನ ಅಗ್ಗದ ಸಿಗ್ನೇಚರ್ ತಂದ್ರು. ಎಡಗೈಯವರಿಗೂ ಬೇರೆ ಮಾಡಿದ್ರು. ಅದನ್ನ ಕಂಡಾಗ ನನಗೂ ಒಂದು ಕ್ಷಣ ಕೈ ಜೇಬಿಗೆ ಹೋಯ್ತು, ಸುಳ್ಳು ಯಾಕೆ ಹೇಳ್ಲಿ. ನಿನ್ನ ಅತ್ತೆ ನೋಡಿದ್ಲು, ಕೈ ಹೊರಗೆ ಬಂತು.

ಅಳಿಯ: ಮಾವ, ಇನ್ನೊಂದು. ನಮ್ಮವರ ಹೆಸರಲ್ಲಿ ಯಾಕೆ ಇಂಥದ್ದು ಬರಲ್ಲ? ಬೆಂಗಳೂರಲ್ಲಿ ಕ್ರಿಪ್ಟೋಸ್ 1998ರಿಂದ ನುಡಿಸ್ತಿದ್ದಾರೆ. ಜರ್ಮನಿಯ ಕಂಪನಿ ಅವರ ಆಲ್ಬಂ ತರುತ್ತೆ, ಯೂರೋಪೆಲ್ಲ ತಿರುಗಿ ಬರ್ತಾರೆ.

ಮಾವ: ಹೆಸರು ಮಾರೋಕೆ ಆ ಹೆಸರನ್ನ ಕೊಳ್ಳೋ ಹುಡುಗರು ಲಕ್ಷಗಟ್ಟಲೆ ಬೇಕಲ್ಲ. 2011ರ ಅಕ್ಟೋಬರ್ 30ಕ್ಕೆ ಮೆಟಾಲಿಕಾ ಅರಮನೆ ಮೈದಾನಕ್ಕೆ ಬಂದಾಗ ಕಾಲಿಡೋಕೆ ಜಾಗ ಇರಲಿಲ್ಲ. ಅದೇ ಜನ ನಮ್ಮ ಹುಡುಗರು ಪಬ್‌ನಲ್ಲಿ ನುಡಿಸುವಾಗ ಬರಲ್ಲ. ಗಿಟಾರಿನ ಒಂದು ಭಾಗಕ್ಕೆ ಮಾತ್ರ ನಮ್ಮೂರಿನ ಸಹಿ ಇದೆ, ನೋಡಿದೀಯಾ? ಫ್ರೆಟ್ ಕೂರಿಸೋ ಹಲಗೆ. ಬೀಟೆ. ಇದೇ ಹುಣಸೂರು ರಸ್ತೆಯಲ್ಲಿ ನನ್ನ ಚಿಕ್ಕಂದಿನಲ್ಲಿ ಲಾರಿಗಟ್ಟಲೆ ದಿಮ್ಮಿ ಇಳಿದು ಬರ್ತಿತ್ತು. ಗಿಟಾರ್ ಮಾಡೋ ದೇಶಗಳಿಗೆಲ್ಲ ಬೀಟೆ ಹೋಗಿದೆ. 2017ರ ಜನವರಿಯಿಂದ ಆ ಜಾತಿಯ ಮರಗಳ ವ್ಯಾಪಾರಕ್ಕೆ ಅಂತರರಾಷ್ಟ್ರೀಯ ಕಟ್ಟು ಬಿತ್ತು. ಗಿಟಾರ್ ಗಡಿ ದಾಟೋಕೂ ಕಾಗದಪತ್ರ. ತಯಾರಾಗಿ ಮುಗಿದ ವಾದ್ಯಗಳಿಗೆ 2019ರ ಕೊನೆಗೆ ವಿನಾಯಿತಿ ಸಿಕ್ತು. ಅಷ್ಟರಲ್ಲಿ ಅಗ್ಗದ ಗಿಟಾರ್‌ನವರು ಇಂಡಿಯನ್ ಲಾರೆಲ್‌ಗೆ ಹೊರಳಿದ್ರು. ಅದೇನು ಗೊತ್ತಾ? ನಮ್ಮ ಮತ್ತಿ. ನಾಗರಹೊಳೆ ದಾರಿಯಲ್ಲಿ ಮೊಸಳೆ ಚರ್ಮದಂಥ ತೊಗಟೆ ಮರ ಕಾಣಲ್ವಾ, ಅದು.

ಅಳಿಯ: ಮತ್ತಿ ಮರದ ಮೇಲೆ ಮೆಟಲ್!

ಮಾವ: ಹೂಂ. ಬೇಸಿಗೆಯಲ್ಲಿ ಹಲಗೆ ಒಣಗಿ ಒಂದು ಎಳೆಯಷ್ಟು ಕುಗ್ಗುತ್ತೆ. ಫ್ರೆಟ್ ಲೋಹ, ಅದು ಕುಗ್ಗಲ್ಲ. ಹಾಗಾಗಿ ತುದಿ ಹೊರಗೆ ಚುಚ್ಚುತ್ತೆ. ಅದಕ್ಕೇ ಅಂಗಡಿಗೆ ಹೋದಾಗ ಮೊದಲು ಕತ್ತಿನ ಎರಡೂ ಅಂಚಿನ ಮೇಲೆ ಬೆರಳು ಸವರಿ ನೋಡು, ಗರಗಸದ ಹಾಗೆ ತಾಕಿದ್ರೆ ಕೆಳಗಿಡು. ಆಮೇಲೆ ಬಂದೂಕಿನ ನಳಿಗೆ ನೋಡೋ ಹಾಗೆ ಕತ್ತನ್ನ ಕಣ್ಣಿಗೆ ಹಿಡಿದು ಸೊಟ್ಟ ಇದೆಯಾ ನೋಡು. ಒಂದೊಂದು ತಂತಿಯನ್ನೂ ಒಂದೊಂದು ಫ್ರೆಟ್ಟಲ್ಲೂ ಒತ್ತಿ ನುಡಿಸು. ಅಂಗಡಿಯವನು ಮುಖ ಸಿಂಡರಿಸ್ತಾನೆ, ಸಿಂಡರಿಸಲಿ. ಹನ್ನೆರಡನೇ ಫ್ರೆಟ್ ಮೇಲೆ ಬೆರಳು ತಾಗಿಸಿ ಬರೋ ಹಾರ್ಮೋನಿಕ್ಕೂ, ಅಲ್ಲೇ ಒತ್ತಿದ ಸ್ವರವೂ ಫೋನಿನ ಟ್ಯೂನರಲ್ಲಿ ಒಂದೇ ಬರ್ಬೇಕು. ಬರದಿದ್ರೆ ಸ್ಯಾಡಲ್ ಸರಿಸಿ ಸರಿಮಾಡಬಹುದು, ಅದು ದೊಡ್ಡ ದೋಷ ಅಲ್ಲ. ಮಾಡಿಕೊಡಿ ಅಂತ ಕೇಳು ಅಷ್ಟೇ. ಸ್ವಿಚ್ಚು, ವಾಲ್ಯೂಮ್ ಗುಬಟೆ ತಿರುಗಿಸುವಾಗ ಚರಚರ ಅನ್ನಬಾರದು. ಇಷ್ಟೂ ನೋಡಿ ಆದ ಮೇಲೆ ತಲೆ ಮೇಲೆ ಯಾರ ಹೆಸರಿದೆ ಅಂತ ಓದು.

ಅಳಿಯ: ಆನ್‌ಲೈನಲ್ಲಿ ಸ್ವಲ್ಪ ಕಮ್ಮಿಗೆ ಸಿಗುತ್ತೆ ಮಾವ.

ಮಾವ: ಈ ಬೆಲೆಯ ಗಿಟಾರ್‌ಗಳಲ್ಲಿ ಒಂದರ ಹಾಗೆ ಇನ್ನೊಂದಿರಲ್ಲ. ಒಂದೇ ಮಾಡೆಲ್ ಮೂರಿದ್ರೆ ಮೂರನ್ನೂ ಹಿಡಿದು ನೋಡಿ ಒಂದು ಆರಿಸ್ಬೇಕು. ಬೆಂಗಳೂರಿಗೆ ಹೋಗಿ ಬಾ. ಬಸ್ ಚಾರ್ಜು ಹೋದ್ರೆ ಹೋಯ್ತು.

ಅಳಿಯ: ಅಮ್ಮನ್ನ ಒಪ್ಪಿಸೋದೇ ಕಷ್ಟ. ಮೊದಲ ಸಂಬಳದ ದುಡ್ಡಲ್ಲಿ ಇದಾ ಅಂತಾರೆ.

ಮಾವ: 1957ರ ಸೆಪ್ಟೆಂಬರಲ್ಲಿ ಇದೇ ಇಲವಾಲದಲ್ಲಿ ವಿನೋಬಾ ಅವರ ಗ್ರಾಮದಾನದ ಸಮ್ಮೇಳನ ನಡೀತು. ನೆಹರೂನೂ ಕೂತಿದ್ರು, ಕಮ್ಯುನಿಸ್ಟ್ ನಂಬೂದಿರಿಪಾಡೂ ಕೂತಿದ್ರು, ಎಲ್ಲಾ ಸೇರಿ ಒಂದೇ ಹೇಳಿಕೆಗೆ ಒಪ್ಪಿದ್ರು. ನಿಮ್ಮಮ್ಮ ಅವರಿಗಿಂತ ಹೆಚ್ಚಾ? ನಾನು ಮಾತಾಡ್ತೀನಿ ಬಿಡು. ಆದ್ರೆ ಎಂಬತ್ತು ಸಾವಿರ ಅಂತ ಹೇಳ್ಬೇಡ.

ಅಳಿಯ: ಹಾಗಾದ್ರೆ ಸ್ಮಿತ್ ಬೇಡ ಅಂತ ತೀರ್ಮಾನ?

ಮಾವ: ನೀನು ಮೇಡನ್ ಹಾಡುಗಳನ್ನೇ ನುಡಿಸೋ ಬ್ಯಾಂಡ್ ಕಟ್ಟಿದ ದಿನ ಬಾ, ಅದನ್ನೇ ತಗೋ ಅಂತೀನಿ, ಒಳ್ಳೆ ಗಿಟಾರೇ ಅದು. ಡ್ರಾಪ್ ಸಿ ಹುಡುಗನಿಗೆ ಜೆಎಸ್ 32ಟಿ. ರೋಡ್ಸ್ ಆಕಾರ ಒಗ್ಗದಿದ್ರೆ ಡಿಂಕಿ. ಉಳಿದ ದುಡ್ಡಲ್ಲಿ ಒಳ್ಳೆ ಆಂಪು, ದಪ್ಪ ತಂತಿ ಎರಡು ಸೆಟ್ಟು, ಆ ತಂತಿಗೆ ತಕ್ಕ ಹಾಗೆ ಒಂದು ಸೆಟಪ್. ಆಂಪಿಗೆ ಹೆಡ್‌ಫೋನ್ ಕಿಂಡಿ ಇದೆಯಾ ಅಂತ ಮರೀದೆ ನೋಡು. ಸೋಮವಾರದಿಂದ ನನಗೆ ನೈಟ್ ಶಿಫ್ಟು, ಹಗಲು ಮಲಗ್ಬೇಕು. ನಿಮ್ಮ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ.